ಮೊದಲ ಚೀಟಿ

ಆ ಕಬಡ್ಡಿ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡಕ್ಕೂ ಒಂದು ಲಾಭವಿತ್ತು. ಹೊಸ ಆಟಗಾರರನ್ನು ಹಂಚುವ ದಿನ ಡಬ್ಬಿಯಲ್ಲಿ ಅದರ ಹೆಸರಿನ ಚೀಟಿಗಳೇ ಹೆಚ್ಚಿರುತ್ತಿದ್ದವು. ಯಾರ ಚೀಟಿ ಮೊದಲು ಬಂದರೆ ಅವರದೇ ಮೊದಲ ಆಯ್ಕೆ.

"ಆ ಹರಿಯಾಣದ ರೈಡರ್ ನಮಗೇ ಸಿಗಬೇಕು. ಉಳಿದ ಐದು ಮ್ಯಾಚ್ ಸೋತುಬಿಡಿ, ಚೆಲುವರಾಜು," ಎಂದರು ತಂಡದ ಮಾಲೀಕರು. "ಮುಂದಿನ ವರ್ಷ ನಿಮ್ಮನ್ನೂ ಅವನನ್ನೂ ಇಟ್ಕೊಂಡೇ ತಂಡ ಕಟ್ತೀನಿ. ಕಪ್ ನಿಮ್ಮ ಕೈಲೇ ಎತ್ತಿಸ್ತೀನಿ."

ಹನ್ನೊಂದು ವರ್ಷ ಆಡಿಯೂ ಒಂದೂ ಕಪ್ ಗೆಲ್ಲದ ನಾಯಕ ಚೆಲುವರಾಜು ಆ ಮಾತಿಗೆ ಮರುಳಾದ. ನಡುಗೆರೆ ದಾಟಿ ಪಾರಾಗಬಹುದಾದ ಕಡೆಯಲ್ಲೆಲ್ಲ ಬೇಕೆಂದೇ ಎದುರಾಳಿಗಳ ಕೈಗೆ ಕಾಲು ಕೊಟ್ಟ. "ದುಡ್ಡು ತಿಂದವ್ನೆ ಕಣ್ರೋ!" ಎಂದು ಅವನೂರಿನವರೇ ಕೂಗಿದರು. ಅಪ್ಪ ಮಾತು ಬಿಟ್ಟರು. ಅವನು ತುಟಿ ಬಿಚ್ಚಲಿಲ್ಲ.

ಹಂಚಿಕೆಯ ದಿನ ಡಬ್ಬಿಯಿಂದ ಮೊದಲು ಬಂದದ್ದು ಅವನ ತಂಡದ ಚೀಟಿಯೇ. ಚೆಲುವರಾಜುವಿಗೆ ಕಣ್ಣು ತುಂಬಿ ಬಂತು. ವೇದಿಕೆಯಿಂದ ಇಳಿಯುತ್ತಿದ್ದ ಮಾಲೀಕರ ಬಳಿಗೆ ಓಡಿದ.

"ಗೆದ್ವಿ ಸಾರ್! ನಾಳೆಯಿಂದ್ಲೇ ಅವನ ಜೊತೆ ಪ್ರಾಕ್ಟೀಸ್ ಶುರು ಮಾಡ್ತೀನಿ."

ಅವರು ಅವನ ಭುಜ ತಟ್ಟಿದರು. "ಬೇಡ ಬಿಡಿ. ನಿಮ್ಮನ್ನ ತಂಡದಿಂದ ಕೈಬಿಟ್ಟಿದೀವಿ."

"ಯಾಕೆ ಸಾರ್?"

"ಈ ವರ್ಷ ನಿಮ್ಮ ಆಟ ಹೇಗಿತ್ತು ಅಂತ ಎಲ್ಲರೂ ನೋಡಿದಾರಲ್ಲ."

ಚೆಲುವರಾಜು ಅವರಿಗೆ ಅಡ್ಡ ನಿಂತ. "ಸೋಲಿ ಅಂದಿದ್ದು ನೀವೇ ಅಲ್ವಾ ಸಾರ್?"

ಮಾಲೀಕರು ಸುತ್ತ ನೋಡಿ ದನಿ ತಗ್ಗಿಸಿದರು. "ಬೇಕಂತ್ಲೇ ಸೋತೆ ಅಂತ ಯಾರ ಹತ್ರ ಹೇಳ್ಕೋತೀರಿ?"