ಓರಗಿತ್ತಿಯ ಬಾಯಿ

"ಒಳಗೆ ಬರೋದಾದ್ರೆ ಬಾ. ಆದ್ರೆ ಬಾಯಿ ತೆಗೆದೆಯೋ, ಇಲ್ಲಿಂದಲೇ ಮನೆಗೆ ಅಟ್ಟಿಬಿಡ್ತೀನಿ," ಎಂದು ದೊಡ್ಡವಳು ಆಸ್ಪತ್ರೆಯ ಎಕೋ ಕೋಣೆಯ ಬಾಗಿಲಲ್ಲಿ ನಿಂತು ಬೆರಳು ಅಲ್ಲಾಡಿಸಿದಳು. ಚಿಕ್ಕವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. ಅಣ್ಣತಮ್ಮಂದಿರ ಹೆಂಡಿರು ಇವರು. ಒಂದೇ ಮನೆಯ ಮೇಲಂತಸ್ತು ದೊಡ್ಡವಳದು, ಕೆಳಗಿನದು ಚಿಕ್ಕವಳದು. ಚಿಕ್ಕವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಮನೆಮಂದಿಯೆಲ್ಲ ಅವಳನ್ನು ಕರೆಯುವುದೇ ಡಂಗುರ ಎಂದು.

ದೊಡ್ಡವಳು ಎಡಮಗ್ಗುಲಾಗಿ ಮಲಗಿ, ಎಡಗೈಯನ್ನು ತಲೆಯಡಿ ಇಟ್ಟುಕೊಂಡಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದೆಯ ಗಡ್ಡೆ ತೆಗೆದ ಮೇಲೆ ಅವಳಿಗೆ ಕೊಡುತ್ತಿದ್ದ ಔಷಧಿ ಕ್ಯಾನ್ಸರನ್ನು ದೂರ ಇಡುತ್ತದೆ ನಿಜ, ಆದರೆ ಕೆಲವರ ಹೃದಯವನ್ನು ಬಳಲಿಸಿಬಿಡುತ್ತದೆ. ಅದಕ್ಕೇ ಆಗಾಗ ಹೃದಯದ ಈ ಪರೀಕ್ಷೆ.

"ಅಯ್ಯೋ, ತಣ್ಣಗಿದೆ!" ಡಾಕ್ಟರಮ್ಮ ಜೆಲ್ ಹಚ್ಚಿದೊಡನೆ ದೊಡ್ಡವಳು ಚೀರಿದಳು.

"ಪ್ರತಿ ಸಲವೂ ಇದನ್ನೇ ಹೇಳ್ತೀರಿ."

"ಪ್ರತಿ ಸಲವೂ ತಣ್ಣಗೇ ಇರುತ್ತಲ್ಲ ಡಾಕ್ಟ್ರೇ."

ಕತ್ತಲು ಪರದೆಯ ಮೇಲೆ ಬೂದುಬಣ್ಣದ ಹೃದಯ ಮುದುಡುತ್ತಿತ್ತು, ಅರಳುತ್ತಿತ್ತು. ಚಿಕ್ಕವಳು ಕುರ್ಚಿಯ ತುದಿಗೆ ಜಾರಿ ಕಣ್ಣು ಕೀಲಿಸಿ ನೋಡಿದಳು. ಇಡೀ ಮನೆಯನ್ನು ಗದರಿಸಿಕೊಂಡೇ ಸಾಕಿದ್ದು ಇಷ್ಟೇ ಇಷ್ಟು ಮಾಂಸವೇ? ಬರುವಾಗ ಬಸ್ಸಿನಲ್ಲಿ ದೊಡ್ಡವಳು ಆಡಿದ ಮಾತು ಅವಳ ಕಿವಿಯಲ್ಲೇ ಇತ್ತು: "ಔಷಧಿ ಹಾಕೋ ಕೋಣೇಲಿ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಕೂರ್ತಿದ್ದಳಲ್ಲ, ಹೃದಯ ಸೋತಿದೆ ಅಂತ ಅವಳದನ್ನ ನಿಲ್ಲಿಸಿದ್ರು ಕಣೇ. ಆಮೇಲೆ ಅವಳು ಆ ಕುರ್ಚಿಗೆ ಬರಲೇ ಇಲ್ಲ. ನನ್ನದನ್ನ ನಿಲ್ಲಿಸೋಕೆ ನಾನು ಬಿಡಲ್ಲ." ಬಿಡದಿರಲು ಅವಳು ಕಂಡುಕೊಂಡ ಉಪಾಯವೂ ವಿಚಿತ್ರವಾಗಿತ್ತು. ಒಂದು ವಾರದಿಂದ ಹೊಲಿಗೆ ಅಂಗಡಿ ಮುಚ್ಚಿ, ಹೃದಯಕ್ಕೆ ರಜೆ ಕೊಟ್ಟು, ಹಾಸಿಗೆ ಹಿಡಿದಿದ್ದಳು. "ಪರೀಕ್ಷೆಗೆ ಓದೋರನ್ನ ನೋಡಿದ್ದೀನಿ. ಪರೀಕ್ಷೆಗೆ ಬಿದ್ದುಕೊಳ್ಳೋರು ನೀವೊಬ್ರೇ ಅಕ್ಕ," ಎಂದು ಚಿಕ್ಕವಳು ನಕ್ಕಿದ್ದಳು. ಈಗ ನಗು ಬರಲಿಲ್ಲ.

ಡಾಕ್ಟರಮ್ಮ ಚಿತ್ರವನ್ನು ನಿಲ್ಲಿಸಿ, ಗೆರೆ ಎಳೆದು ಅಳೆದರು. ಇನ್ನೊಮ್ಮೆ ಅಳೆದರು. "ತುಂಬಿಕೊಂಡ ರಕ್ತದಲ್ಲಿ ನಿಮ್ಮ ಹೃದಯ ಹೊರಗೆ ತಳ್ಳೋದು ಕಳೆದ ಸಲ ನೂರಕ್ಕೆ ಅರವತ್ತೆರಡು ಪಾಲು ಇತ್ತು. ಈಗ ಐವತ್ತೆರಡು. ಇಳಿದಿದೆ, ಆದ್ರೆ ಇನ್ನೂ ಗಡಿಯ ಮೇಲಿದೆ. ಏದುಸಿರು, ಸುಸ್ತು ಏನೂ ಇಲ್ಲದಿದ್ರೆ ಇವತ್ತಿನ ಔಷಧಿ ಕೊಡಬಹುದು ಅಂತ ಬರೀತೀನಿ. ಇದೆಯಾ?"

"ಏನೂ ಇಲ್ಲ. ಗುಂಡುಕಲ್ಲಿನ ಹಾಗಿದ್ದೀನಿ."

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. ಚಿಕ್ಕವಳ ಅಂಗೈ ಬಾಯಿಂದ ಕೆಳಗಿಳಿಯಿತು.

"ಡಾಕ್ಟ್ರೇ, ಇವರು ತುಳಿಯೋ ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿಕೊಂಡಿದ್ದಾರೆ."

"ಒಳ್ಳೇದೇ ಆಯ್ತಲ್ಲ?"

"ಏನು ಒಳ್ಳೇದು! ಮೋಟಾರು ಹಾಕಿದ್ರೆ ಹೊಲಿಗೆ ಕೆಡುತ್ತೆ ಅಂತ ನನ್ನ ಮದುವೆಯಾದಾಗಿನಿಂದ ಹೇಳ್ತಿದ್ದೋರು ಇವರು. ಈಗ ತುಳಿಯೋಕೆ ಉಸಿರು ಸಾಲ್ತಿಲ್ಲ, ಅದಕ್ಕೆ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಬೀಗದ ಕೈ ಹುಡುಕ್ತಾರೆ. ಬೀಗದ ಕೈ ಕೈಯಲ್ಲೇ ಇರುತ್ತೆ! ರಾತ್ರಿ ನೆಟ್ಟಗೆ ಮಲಗೋಕೂ ಆಗಲ್ಲ, ಗೋಡೆಗೆ ಒರಗಿ ಕೂತೇ ತೂಕಡಿಸ್ತಾರೆ. ಇವರು ಎದ್ದೆದ್ದು ಕೂರೋ ಸದ್ದಿಗೆ ಕೆಳಗೆ ನನಗೂ ನಿದ್ದೆಯಿಲ್ಲ."

ದೊಡ್ಡವಳು ಧಡಕ್ಕನೆ ಎದ್ದು ಕೂತಳು. ಪರದೆಯ ಮೇಲಿನ ಹೃದಯ ಕದಡಿ ಮಾಯವಾಯಿತು. "ಮುಚ್ಚೇ ಬಾಯಿ! ನನ್ನ ಔಷಧಿಗೆ ನೀನೇ ಕಲ್ಲು ಹಾಕಿದೆಯಲ್ಲೇ, ಮನೆಹಾಳಿ!"

"ಹೌದು ಅಕ್ಕ, ಹಾಕಿದೆ. ಬೈಯಿರಿ." ಚಿಕ್ಕವಳು ಕುರ್ಚಿಯಿಂದ ಎದ್ದು ಅವಳ ಪಕ್ಕಕ್ಕೆ ಬಂದಳು. "ಬೈಯೋಕಾದ್ರೂ ನೀವಿರಬೇಕಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎದೆಯ ಮೇಲಿನ ಜೆಲ್ ಒರೆಸಿಕೊಳ್ಳಲು ಕಾಗದ ಕೊಟ್ಟರು. "ಇವತ್ತಿನದು ಬೇಡ. ಹೃದಯಕ್ಕೆ ಮಾತ್ರೆ ಕೊಡ್ತೀನಿ, ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ತಿರ ಈಗಲೇ ಮಾತಾಡ್ತೀನಿ. ಕೆಲವು ವಾರ ಬಿಟ್ಟು ಮತ್ತೆ ನೋಡೋಣ. ಸುಧಾರಿಸಿದ್ರೆ ಅದೇ ಔಷಧಿ ಮತ್ತೆ ಶುರು ಮಾಡಬಹುದು."

"ಸುಧಾರಿಸದಿದ್ರೆ? ಆ ಪಕ್ಕದ ಕುರ್ಚಿಯವಳು..."

"ಸುಧಾರಿಸದಿದ್ರೆ ಬೇರೆ ದಾರಿ ಹುಡುಕೋಣ. ಪಕ್ಕದ ಕುರ್ಚಿಯವರ ಕಥೆ ನನಗೆ ಗೊತ್ತಿಲ್ಲಮ್ಮ. ನಿಮ್ಮದೂ ನೀವು ಹೇಳಿದಷ್ಟೇ ಗೊತ್ತಾಗೋದು. ಈ ಯಂತ್ರ ನಿಮ್ಮನ್ನ ಮಲಗಿಸಿಕೊಂಡು ನೋಡುತ್ತೆ. ಮೆಟ್ಟಿಲ ಮೇಲೆ ಬಂದು ನೋಡಲ್ಲ."

ದೊಡ್ಡವಳು ಬಸ್ ನಿಲ್ದಾಣದತ್ತ ಹೊರಟಳು. ಎರಡು ಹೆಜ್ಜೆ ಮುಂದೆಯೇ ನಡೆದಳು, ಸಿಟ್ಟಿನ ನಡಿಗೆ. ಚಿಕ್ಕವಳು ಮಾತ್ರೆಯ ಪೊಟ್ಟಣ ಹಿಡಿದು ಹಿಂದಿನಿಂದ ಬಂದಳು. ನಿಲ್ದಾಣ ಇನ್ನೂ ಹತ್ತು ಮಾರು ಇರುವಾಗಲೇ ಅವರ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ನಿಲ್ಲಿಸಿರಪ್ಪಾ ಎಂದು ಕೂಗುತ್ತಾ ಚಿಕ್ಕವಳು ಓಡಲು ಹೊರಟಳು. ಅಷ್ಟರಲ್ಲಿ ಭುಜದ ಮೇಲೆ ಕೈಯೊಂದು ಬಿತ್ತು.

"ಬಿಡೇ, ಹೋಗ್ಲಿ. ಓಡೋಕೆ ನನ್ನ ಕೈಲಿ ಆಗಲ್ಲ."

ಹಾಗೆಂದ ದೊಡ್ಡವಳು ಓರಗಿತ್ತಿಯ ಭುಜಕ್ಕೆ ಇಡೀ ಮೈಯ ಭಾರ ಬಿಟ್ಟು, ನಿಲ್ದಾಣದ ಅಷ್ಟೂ ಜನರ ಕಣ್ಣೆದುರು, ಬಾಯಿ ತೆರೆದು, ಸದ್ದು ಮಾಡಿಕೊಂಡೇ ಉಸಿರೆಳೆದುಕೊಳ್ಳತೊಡಗಿದಳು.