ತರಗತಿಯ ಅಡಿಯಲ್ಲಿ

ಕುಂದಾಪುರ ಮುಳುಗಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯ ಸಮುದ್ರದ ಮೇಲೆ ತೇಲುತ್ತಿತ್ತು. ಅದರ ಉಕ್ಕಿನ ತಳಕ್ಕೆ ನೀರಿನೊಳಗಿಂದ ಬೆಸುಗೆ ಹಾಕುವುದು ಸುಗಂಧಿ ಖಾರ್ವಿಯ ಕೆಲಸ. ಪಿಯುಸಿಯಲ್ಲಿ ನಪಾಸಾದವಳು ಐಟಿಐ ಸೇರಿ ಆ ಕಸುಬು ಕಲಿತಿದ್ದಳು. ಈ ವರ್ಷ ಐಟಿಐ ಸರ್ಟಿಫಿಕೇಟಿಗೂ ಪದವಿ ಸೀಟು ಕೊಡುತ್ತಾರೆಂದು ತಿಳಿದ ದಿನವೇ ಅರ್ಜಿ ಹಾಕಿದಳು.

ಸಂದರ್ಶನಕ್ಕೆ ಕೂತಿದ್ದ ಪ್ರೊಫೆಸರ್ ಉಪಾಧ್ಯರು ಹಳೆಯ ಅಂಕಪಟ್ಟಿ ನೋಡಿ ಹುಬ್ಬೇರಿಸಿದರು. “ಫಿಸಿಕ್ಸಿನಲ್ಲಿ ಹನ್ನೆರಡು ಮಾರ್ಕು! ಮತ್ತೆ ಅದನ್ನೇ ಓದ್ಬೇಕು ಅಂತೀಯಲ್ಲ, ಎಂತಕ್ಕೆ?”

ಸುಗಂಧಿ ಹೇಳಿದಳು. “ನಿಮ್ಮ ಕ್ಲಾಸಿನ ಅಡಿಯಲ್ಲೇ ಆರು ವರ್ಷದಿಂದ ನನ್ನ ಕೆಲಸ ಸರ್. ತಳಕ್ಕೆ ಹೆಲ್ಮೆಟ್ ಒತ್ತಿ ಹಿಡಿದ್ರೆ ನಿಮ್ಮ ಪಾಠ ಕೇಳ್ತದೆ. ಮಕ್ಕಳು ನಗೋದೂ ಕೇಳ್ತದೆ, ಎಂತಕ್ಕೆ ನಕ್ಕರು ಅಂತ ಮಾತ್ರ ಗೊತ್ತಾಗೋದಿಲ್ಲ.”

ಉಪಾಧ್ಯರು ಅಂಕಪಟ್ಟಿ ಕೆಳಗಿಟ್ಟರು.

“ಹೋದ ತಿಂಗಳು, ದಡದ ಹತ್ರ ಅಲೆ ಯಾಕೆ ಎತ್ತರ ಆಗ್ತದೆ ಅಂತ ಶುರು ಮಾಡಿದ್ರಿ. ಅಷ್ಟರಲ್ಲಿ ನನ್ನ ಸಿಲಿಂಡರಿನ ಗಾಳಿ ಮುಗೀತು, ಮೇಲೆ ಬಂದುಬಿಟ್ಟೆ. ಆಮೇಲೆ ಎಂತ ಹೇಳಿದ್ರಿ ಸರ್?”

ಉಪಾಧ್ಯರು ಅರ್ಜಿಗೆ ಸಹಿ ಹಾಕಿದರು.

“ಸೀಟು ಸಿಕ್ಕಿತು. ಆ ಪಾಠ ಜುಲೈಯಲ್ಲಿ ಮತ್ತೆ ಬರ್ತದೆ. ಎದುರಿನ ಬೆಂಚಿನಲ್ಲಿ ಕೂತು ಕೇಳು.”

ಸುಗಂಧಿ ಏಳಲಿಲ್ಲ.

“ಜುಲೈವರೆಗೆ ಕಾಯ್ಬೇಕಾ ಸರ್?”

ಹೊರಗೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು. ಉಪಾಧ್ಯರು ಎದ್ದು ಬಾಗಿಲು ಮುಚ್ಚಿ, ಸೀಮೆಸುಣ್ಣ ಕೈಗೆತ್ತಿಕೊಂಡರು.