ನೂರರಲ್ಲಿ ಹತ್ತನೆಯವ

ಮೆಣಸಿನಕಾಯಿ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಚಿಕ್ಕಂದಿನಲ್ಲಿ ಜ್ವರ ಬಂದು ಸೊರಗಿದ್ದೆ. ಬ್ಯಾಡಗಿಯ ನಮ್ಮ ಅಂಗಡಿಯಲ್ಲಿ, ಮೆಣಸಿನಕಾಯಿ ತಕ್ಕಡಿಯಲ್ಲೇ ಡಾಕ್ಟರು ನನ್ನನ್ನು ಕೂರಿಸಿ ತೂಗಿದರು. ಒರಟು ಹಗ್ಗ ತೋಳಿಗೆ ಉಜ್ಜುತ್ತಿತ್ತು.

“ಇವನ ವಯಸ್ಸಿನ ನೂರು ಹುಡುಗರನ್ನ ತೂಕ ನೋಡಿ ಸಾಲಾಗಿ ನಿಂದ್ರಿಸಿದ್ರ, ಇವ ಹತ್ತನೇದವ,” ಎಂದರು.

ಅವ್ವ ಚೀರಿದಳು. “ಅಯ್ಯ ಯಪ್ಪಾ! ನೂರರಾಗ ಹತ್ತ ಮಂದೀನ ಉಳಿಯೂದೇನ್ರಿ?”

“ಏ ಹುಚ್ಚವ್ವಾ, ಸಾಯೂ ಮಾತು ಯಾರಂದ್ರು? ಹಗುರ ಇದ್ದವರಿಂದ ಎಣಿಸಿದ್ರ ಹತ್ತನೇದವ. ಇವನಗಿಂತ ಹಗುರ ಇನ್ನೂ ಒಂಬತ್ತು ಮಂದಿ ಅದಾರ. ಅಂಜಬ್ಯಾಡ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಅಂಜಿಕೆ ಮಾತ್ರ ಹೋಗಲಿಲ್ಲ.

“ಆ ಒಂಬತ್ತು ಮಂದಿ ಉಳೀತಾರೇನ್ರಿ?” ಎಂದು ಕೇಳಿದೆ.

ಡಾಕ್ಟರು ತಲೆ ತಗ್ಗಿಸಿ ತಕ್ಕಡಿಯ ಕಲ್ಲುಗಳನ್ನು ಇಳಿಸತೊಡಗಿದರು.